ಕರೆಂಟ್ ಬಂದಾಗಲೆಲ್ಲ ಎದ್ದು ಕೂರುವ ಲ್ಯಾಪ್‌ಟಾಪ್: ದಾವಣಗೆರೆ ಮಂಡಿಯ ಒಂದು ಪ್ರಕರಣ

ದೂರು

ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಒಂದು ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ಹಂಗಾಮಿನಲ್ಲಿ ಜಗಳೂರು, ಹರಪನಹಳ್ಳಿ ಕಡೆಯ ಟ್ರ್ಯಾಕ್ಟರುಗಳು ಬೆಳಗಿನ ಜಾವಕ್ಕೇ ಬಂದು ಸಾಲುಗಟ್ಟುತ್ತವೆ, ಹಾಗಾಗಿ ಸಾವ್ಕಾರರು ಆರಕ್ಕೆಲ್ಲ ಶಟರ್ ಎತ್ತುತ್ತಾರೆ. ಸಣ್ಣ ಕಚೇರಿ, ಮಂಡಿ, ಮಿಲ್ಲುಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಅವರಿಂದ ಕರೆ ಬಂದದ್ದು ಬ್ಯಾಟರಿಯ ಬಗ್ಗೆ: ಮೂರು ತಾಸು ನಿಲ್ಲುತ್ತಿದ್ದದ್ದು ಒಂದು ತಾಸಿಗೆ ಇಳಿದಿದೆ, ಹೊಸದು ತನ್ನಿ ಎಂದು.

ಅಂಗಡಿಯಲ್ಲಿ ಕೂತ ಮೇಲೆ, ಹಮಾಲರು ಆಚೆ ಹೋಗುವವರೆಗೆ ಕಾದು, ಅವರು ದನಿ ತಗ್ಗಿಸಿದರು: "ಬ್ಯಾಟರಿ ಹಂಗಿರ್ಲಿ ಬಿಡ್ರಿ. ರಾತ್ರಿ ಯಾರೋ ಇದನ್ನ ಆನ್ ಮಾಡ್ತಾರೆ. ಯಾರು ಅಂತ ನನಗೆ ಗೊತ್ತೈತಿ. ನೀವು ಹೌದು ಅಂದ್ರೆ ಸಾಕು."

ಗುಮಾನಿ ಇದ್ದದ್ದು ಅಕೌಂಟ್ಸ್ ನೋಡುವ ಹುಡುಗಿಯ ಮೇಲೆ. ಬಿ.ಕಾಂ. ಮುಗಿಸಿ ಇಲ್ಲಿಗೇ ಕೆಲಸಕ್ಕೆ ಸೇರಿದವಳು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ, ರೈತರ ಪಟ್ಟಿ, ಖರೀದಿದಾರರ ಬಾಕಿ, ಬ್ಯಾಂಕಿನ ಆರ್‌ಟಿಜಿಎಸ್ ಎಲ್ಲ ಅವಳ ಕೈಯಲ್ಲೇ. ಸಂಜೆ ಕೆಲಸ ಮುಗಿದ ಮೇಲೆ ಶಟ್ ಡೌನ್ ಮಾಡಿ, ಮುಚ್ಚಳ ಮುಚ್ಚಿ ಹೋಗುತ್ತೇನೆ ಎಂಬುದು ಅವಳ ಮಾತು. ಬೆಳಿಗ್ಗೆ ಸಾವ್ಕಾರರು ಮುಚ್ಚಳ ತೆಗೆದರೆ ಕೀಬೋರ್ಡ್ ಬಿಸಿ, ಫ್ಯಾನ್ ಸದ್ದು ಮಾಡುತ್ತಿದೆ, ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಪುಟ. ದಿನಾ ಅಲ್ಲ, ಆಗಾಗ. ದಿನಾ ಆಗಿದ್ದರೆ ಯಂತ್ರದ್ದೇ ದೋಷ ಎಂದುಕೊಳ್ಳುತ್ತಿದ್ದರೇನೋ. ಆಗೊಮ್ಮೆ ಈಗೊಮ್ಮೆ ಆಗುತ್ತಿದ್ದದ್ದೇ ಮನುಷ್ಯರ ಕೈವಾಡ ಎನ್ನಿಸಲು ಕಾರಣವಾಯಿತು. ಪಕ್ಕದ ಮಂಡಿಗೆ ದರ ಮತ್ತು ಪಾರ್ಟಿಗಳ ಹೆಸರು ಸೋರುತ್ತಿದೆ ಎಂಬ ಹೆದರಿಕೆ ಮೊದಲೇ ಇತ್ತು. ನಾನು ಹೋಗುವಷ್ಟರಲ್ಲಿ ಅವಳಿಂದ ಅಂಗಡಿಯ ಕೀಲಿ ವಾಪಸ್ ಪಡೆದಾಗಿತ್ತು, ಬ್ಯಾಂಕಿನ ಪಾಸ್‌ವರ್ಡ್ ಬದಲಾಗಿತ್ತು. ಬಾಯಿಬಿಟ್ಟು ಯಾರೂ ಏನೂ ಅಂದಿರಲಿಲ್ಲ. ಅವಳು ಬರುತ್ತಿದ್ದಳು, ಕೂರುತ್ತಿದ್ದಳು, ಕೈಬರಹದ ಖಾತೆ ಬರೆಯುತ್ತಿದ್ದಳು.

ಅಳಿಯನ ಸಾಕ್ಷ್ಯ

ಸಾವ್ಕಾರರ ಅಕ್ಕನ ಮಗ ಊರಲ್ಲೇ ಇಂಜಿನಿಯರಿಂಗ್ ಓದುತ್ತಿದ್ದಾನೆ. ಚುರುಕು ಹುಡುಗ. ತನಿಖೆ ಅವನೇ ಮಾಡಿದ್ದ, ಮತ್ತು ಅವನು ತೋರಿಸಿದ್ದೆಲ್ಲ ಪರದೆಯ ಮೇಲೆ ನಿಜವಾಗಿಯೂ ಇತ್ತು. ಅದಕ್ಕೇ ಈ ಪ್ರಕರಣ ಬರೆಯಲು ಯೋಗ್ಯ ಅನಿಸಿತು.

ಮೊದಲನೆಯದು, ಟಾಸ್ಕ್ ಮ್ಯಾನೇಜರಿನ ಅಪ್ ಟೈಮ್, ಅಂದರೆ ಯಂತ್ರ ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂಬ ಲೆಕ್ಕ. ಅದು ಹನ್ನೊಂದು ದಿನ ಎಂದು ತೋರಿಸುತ್ತಿತ್ತು. "ದಿನಾ ಶಟ್ ಡೌನ್ ಮಾಡ್ತೀನಿ ಅಂತಾಳೆ ಮಾಮ, ಹನ್ನೊಂದು ದಿನದಿಂದ ಇದು ಆಫೇ ಆಗಿಲ್ಲ." ಎರಡನೆಯದು, ಯಂತ್ರದಲ್ಲಿ ನಡೆದದ್ದನ್ನು ಹೊತ್ತಿನ ಸಮೇತ ತೋರಿಸುವ ಇವೆಂಟ್ ವ್ಯೂವರಿನ ಸೆಕ್ಯುರಿಟಿ ಲಾಗ್. ಅದರಲ್ಲಿ 4624 ಎಂಬ ಸಂಖ್ಯೆ ಇದ್ದರೆ ಲಾಗಿನ್ ಯಶಸ್ವಿಯಾಯಿತು ಎಂದರ್ಥ. ನಡುರಾತ್ರಿ ಎರಡೂಕಾಲಿಗೆ, ಇನ್ನೊಂದು ದಿನ ಮೂರೂವರೆಗೆ, ಅಂಥ ದಾಖಲೆಗಳು ಗುಂಪುಗುಂಪಾಗಿ ಇದ್ದವು. ಅವುಗಳಲ್ಲಿ ಕೆಲವಕ್ಕೆ ಲಾಗಾನ್ ಟೈಪ್ 2 ಎಂದಿತ್ತು. ಟೈಪ್ 2 ಅಂದರೆ ಯಂತ್ರದ ಮುಂದೆಯೇ ಕೂತು ಒಳಹೊಕ್ಕದ್ದು ಎಂದು ಅವನು ಓದಿಕೊಂಡಿದ್ದ. ಓದಿಕೊಂಡದ್ದು ಸುಳ್ಳೂ ಅಲ್ಲ.

ಅಂಗಡಿಯ ಕ್ಯಾಮೆರಾದಲ್ಲಿ ಮಾತ್ರ ರಾತ್ರಿ ಯಾರೂ ಒಳಗೆ ಬಂದಿರಲಿಲ್ಲ. ಇದು ಹುಡುಗಿಯ ಪರವಾಗಿ ನಿಲ್ಲಬೇಕಿತ್ತು. ಆದದ್ದೇ ಬೇರೆ: "ಹಂಗಾದ್ರೆ ಮನೇಲಿ ಕೂತ್ಕೊಂಡೇ ಆನ್ ಮಾಡ್ತಿದ್ದಾಳೆ." ಟ್ಯಾಲಿ ಸರ್ವೀಸಿನವರು ದೂರದಿಂದ ಕೆಲಸ ಮಾಡಲೆಂದು ಹಾಕಿದ್ದ ರಿಮೋಟ್ ಸಾಫ್ಟ್‌ವೇರ್ ಯಂತ್ರದಲ್ಲಿತ್ತು, ಅದರ ನಂಬರ್ ಅವಳಿಗೆ ಗೊತ್ತಿತ್ತು. ಸಂಶಯ ಒಮ್ಮೆ ಕೂತಿತೆಂದರೆ ಎದುರು ಬಂದ ಸಾಕ್ಷ್ಯವೂ ಅದರ ಹೊಟ್ಟೆಗೇ ಹೋಗುತ್ತದೆ.

ಈ ಕೊನೆಯದನ್ನು ಅಲ್ಲೇ ತೆಗೆದುಹಾಕಬಹುದಿತ್ತು. ರಿಮೋಟ್ ಸಾಫ್ಟ್‌ವೇರ್ ಬದುಕುವುದು ವಿಂಡೋಸ್ ಒಳಗೆ. ಆಫ್ ಆಗಿರುವ ಯಂತ್ರದಲ್ಲಿ ವಿಂಡೋಸೇ ಓಡುತ್ತಿಲ್ಲ, ಇನ್ನು ಅದರೊಳಗಿನ ಸಾಫ್ಟ್‌ವೇರ್ ಕರೆಗೆ ಓಗೊಡುವುದು ಹೇಗೆ? ನೆಟ್‌ವರ್ಕ್ ಕೇಬಲ್ ಮೂಲಕ ಎಬ್ಬಿಸುವ ವೇಕ್ ಆನ್ ಲ್ಯಾನ್ ಎಂಬ ದಾರಿ ಇದೆ, ಆದರೆ ಈ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿರಲೇ ಇಲ್ಲ, ವೈಫೈ ಮಾತ್ರ.

ಅಪ್ ಟೈಮಿನ ಹನ್ನೊಂದು ದಿನವನ್ನು ಒಡೆಯಲು ಸ್ವಲ್ಪ ವಿವರ ಬೇಕು. ವಿಂಡೋಸ್ 8 ಬಂದಾಗಿನಿಂದ, ಅಂದರೆ 2012ರಿಂದ, ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇದೆ. ಅದು ಚಾಲೂ ಇದ್ದಾಗ ಶಟ್ ಡೌನ್ ಒತ್ತಿದರೆ, ಬಳಕೆದಾರರ ಕೆಲಸವೆಲ್ಲ ಮುಚ್ಚಿಹೋಗುತ್ತದೆ, ಆದರೆ ವ್ಯವಸ್ಥೆಯ ಒಳತಿರುಳಾದ ಕರ್ನೆಲ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಸ್ಥಿತಿಯನ್ನು ಡಿಸ್ಕಿನ ಮೇಲೆ ಬರೆದಿಟ್ಟು ಮಲಗುತ್ತದೆ. ಮರುದಿನ ಆನ್ ಮಾಡಿದಾಗ ಹೊಸದಾಗಿ ಶುರುವಾಗುವ ಬದಲು ಬರೆದಿಟ್ಟದ್ದನ್ನೇ ಎತ್ತಿಕೊಳ್ಳುತ್ತದೆ. ಬೇಗ ಆನ್ ಆಗುತ್ತದೆ ಎಂಬುದು ಲಾಭ. ಅಪ್ ಟೈಮ್ ಸೊನ್ನೆಗೆ ಮರಳದೆ ಮುಂದುವರಿಯುತ್ತದೆ ಎಂಬುದು ಇಂಥ ಹೊತ್ತಿನಲ್ಲಿ ಪ್ರಾಣ ಹಿಂಡುವ ಸಂಗತಿ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಅದು ಸೊನ್ನೆಯಾಗುತ್ತದೆ. ಹುಡುಗಿ ಹನ್ನೊಂದು ದಿನವೂ ಶಟ್ ಡೌನ್ ಮಾಡಿದ್ದರೂ ಆ ಅಂಕಿ ಅದೇ ಇರುತ್ತಿತ್ತು. ಸಿಸ್ಟಮ್ ಲಾಗಿನಲ್ಲಿ ಕರ್ನೆಲ್ ಬೂಟ್ ಎಂಬ ಮೂಲದಿಂದ ಬರುವ 27ನೇ ಇವೆಂಟ್ ಇದೆ. ಪ್ರತಿ ಸಲ ಯಂತ್ರ ಯಾವ ಬಗೆಯಲ್ಲಿ ಎದ್ದಿತು ಎಂದು ಅದು ಹೇಳುತ್ತದೆ. ಸೊನ್ನೆ ಇದ್ದರೆ ಪೂರ್ತಿ ಹೊಸ ಆರಂಭ, ಒಂದು ಇದ್ದರೆ ಫಾಸ್ಟ್ ಸ್ಟಾರ್ಟಪ್, ಎರಡು ಇದ್ದರೆ ಹೈಬರ್ನೇಟಿನಿಂದ, ಅಂದರೆ ತೆರೆದಿದ್ದ ಕೆಲಸವನ್ನೂ ಡಿಸ್ಕಿಗೆ ಬರೆದಿಟ್ಟು ಮಲಗಿದ್ದ ಸ್ಥಿತಿಯಿಂದ, ಎದ್ದದ್ದು. ಇಲ್ಲಿ ಸಾಲಾಗಿ ಒಂದು, ಒಂದು, ಒಂದು. ಅಂದರೆ ಆ ಪ್ರತಿ ಏಳುವಿಕೆಗೂ ಮುಂಚೆ ಯಾರೋ ಸರಿಯಾಗಿ ಶಟ್ ಡೌನ್ ಒತ್ತಿದ್ದರು.

ಉಳಿದದ್ದು ಟೈಪ್ 2. ಆ ದಾಖಲೆಯನ್ನು ತೆರೆದು ಕೆಳಗೆ ಇಳಿಸಿದರೆ ಖಾತೆಯ ಹೆಸರು ಕಾಣುತ್ತದೆ. ಡಿಡಬ್ಲ್ಯುಎಂ ಎಂದು ಬರೆದು ಮುಂದೊಂದು ಅಂಕಿ. ಮತ್ತೊಂದರಲ್ಲಿ ಯುಎಂಎಫ್‌ಡಿ ಎಂದು ಬರೆದು ಮುಂದೊಂದು ಅಂಕಿ. ಮೊದಲನೆಯದು ಪರದೆಯ ಮೇಲೆ ಕಿಟಕಿಗಳನ್ನು ಬಿಡಿಸುವ ವಿಂಡೋಸಿನದೇ ಭಾಗ, ಎರಡನೆಯದು ಅಕ್ಷರಗಳನ್ನು ನೋಡಿಕೊಳ್ಳುವ ಭಾಗ. ಪಾಸ್‌ವರ್ಡ್ ಕೇಳುವ ಪುಟ ತೋರಿಸಬೇಕಾದರೂ ಇವೆರಡೂ ಒಳಗೆ ಬರಲೇಬೇಕು, ಮತ್ತು ಬಂದಾಗ ಟೈಪ್ 2 ಎಂದೇ ದಾಖಲಾಗುತ್ತವೆ. ಉಳಿದವು ಟೈಪ್ 5, ಅಂದರೆ ಹಿನ್ನೆಲೆಯ ಸರ್ವೀಸುಗಳು. ಅಂಗಡಿಯ ಬಳಕೆದಾರ ಖಾತೆಯ ಹೆಸರು ನಡುರಾತ್ರಿಯ ಒಂದು ದಾಖಲೆಯಲ್ಲೂ ಇರಲಿಲ್ಲ. ಪಾಸ್‌ವರ್ಡ್ ಪುಟದವರೆಗೆ ಬಂದು ನಿಂತ ಯಂತ್ರದೊಳಗೆ ಯಾರೂ ಹೋಗಿರಲಿಲ್ಲ.

ಅಳಿಯ ಇದನ್ನು ಎರಡು ಸಲ ಓದಿ, "ಹೆಸರು ನೋಡ್ಲೇ ಇಲ್ಲ ಅಣ್ಣ," ಅಂದ. ಸಾವ್ಕಾರರಿಗೆ ಮಾತ್ರ ಸಮಾಧಾನವಿಲ್ಲ. ಅವರ ಪ್ರಶ್ನೆ ನ್ಯಾಯವಾದದ್ದೇ: "ಒಳಗೆ ಯಾರೂ ಹೋಗಿಲ್ಲ ಅಂತಿಟ್ಕೊಳ್ಳಿ. ಆನ್ ಮಾಡಿದ್ಯಾರು?"

ಬೀದಿ ದೀಪ ಕೊಟ್ಟ ಉತ್ತರ

ಕ್ಯಾಮೆರಾದ ರೆಕಾರ್ಡರ್ ಇನ್ವರ್ಟರ್ ಲೈನಿನಲ್ಲಿತ್ತು. ಜೊತೆಗೆ ಎರಡು ಲೈಟು, ಒಂದು ಫ್ಯಾನು. ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದ್ದ ಪ್ಲಗ್ ಮಾತ್ರ ಮೇನ್ ಲೈನಿನದು. ಇನ್ವರ್ಟರ್ ಹಾಕಿಸುವಾಗ ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆಯಲ್ಲ ಎಂದು ಎಲೆಕ್ಟ್ರಿಷಿಯನ್ ಬಿಟ್ಟದ್ದು, ಲೆಕ್ಕ ಸರಿಯೇ. ಈ ಲೈನುಗಳ ಹಂಚಿಕೆ ನಮಗೆ ಒಳ್ಳೆಯದಾಯಿತು: ರಾತ್ರಿ ಕರೆಂಟ್ ಹೋದರೂ ಕ್ಯಾಮೆರಾ ನೋಡುತ್ತಲೇ ಇರುತ್ತದೆ.

ಹೊರಗಿನ ಕ್ಯಾಮೆರಾಕ್ಕೆ ಯಾರ್ಡಿನ ಕಂಬದ ದೀಪ ಕಾಣುತ್ತದೆ. ದೀಪ ಆರಿದರೆ ಕ್ಯಾಮೆರಾ ಕತ್ತಲ ನೋಟಕ್ಕೆ ತಿರುಗಿ ಚಿತ್ರ ಕಪ್ಪು ಬಿಳುಪಾಗುತ್ತದೆ, ದೀಪ ಹತ್ತಿದರೆ ಮತ್ತೆ ಬಣ್ಣ. ರಾತ್ರಿಯೆಲ್ಲ ವೇಗವಾಗಿ ಓಡಿಸಿ ನೋಡಿದರೂ ಬಣ್ಣ ಹೋಗಿ ಬಂದ ಜಾಗ ಕಣ್ಣಿಗೆ ಹೊಡೆಯುತ್ತದೆ. ಒಂದು ಹಾಳೆಯಲ್ಲಿ ಎಡಕ್ಕೆ ಬಣ್ಣ ಮರಳಿದ ಹೊತ್ತು, ಬಲಕ್ಕೆ ಲ್ಯಾಪ್‌ಟಾಪ್ ಲಾಗಿನ ಹೊತ್ತು ಬರೆಯುತ್ತಾ ಹೋದೆವು. ಅಳಿಯ ಓದುವುದು, ನಾನು ಬರೆಯುವುದು, ಸಾವ್ಕಾರರು ಮಂಡಕ್ಕಿ ಮಿರ್ಚಿ ತರಿಸುವುದು.

ಎರಡೂ ಸಾಲು ಹೊಂದಲಿಲ್ಲ. ಎಲ್ಲದರಲ್ಲೂ ನಾಲ್ಕು ನಿಮಿಷದ ವ್ಯತ್ಯಾಸ. ಆದರೆ ಎಲ್ಲ ರಾತ್ರಿಯೂ ಅದೇ ನಾಲ್ಕು ನಿಮಿಷ, ಹೆಚ್ಚಿಲ್ಲ ಕಡಿಮೆಯಿಲ್ಲ. ರೆಕಾರ್ಡರಿನ ಗಡಿಯಾರ ಮುಂದಿತ್ತು, ಅಷ್ಟೇ. ಮೊಬೈಲ್ ಪಕ್ಕಕ್ಕೆ ಹಿಡಿದು ನೋಡಿದಾಗ ಅದೂ ಖಾತ್ರಿಯಾಯಿತು. ಅದನ್ನು ಕಳೆದರೆ ಪ್ರತಿ ಸಲವೂ ಕರೆಂಟ್ ಬಂದ ನಿಮಿಷದಲ್ಲೇ ಲ್ಯಾಪ್‌ಟಾಪ್ ಎದ್ದಿತ್ತು. ಮನುಷ್ಯರ ಕೈವಾಡ ಎನಿಸಿದ್ದ ಆ ಅನಿಯಮಿತತೆ ವಿದ್ಯುತ್ ಲೈನಿನದು.

ಒಂದು ರಾತ್ರಿ ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಅವತ್ತು ದೀಪ ಆರಿಯೇ ಇಲ್ಲ, ಯಂತ್ರ ಮೂರಕ್ಕೆ ಎದ್ದಿದೆ. ಇದನ್ನು ಬಿಟ್ಟು ಮುಂದೆ ಹೋಗಬಹುದಿತ್ತು, ಆದರೆ ಗುಮಾನಿಗೆ ಅಷ್ಟು ಸಂದಿ ಸಾಕು. ಲಾಗಿನಲ್ಲಿ ಪವರ್ ಟ್ರಬಲ್‌ಶೂಟರ್ ಎಂಬ ಮೂಲದ ಒಂದನೇ ಇವೆಂಟ್, ಎಬ್ಬಿಸಿದ್ದು ಯಾರು ಎಂಬಲ್ಲಿ ಟೈಮರ್, ಕಾರಣ ವಿಂಡೋಸ್ ಅಪ್‌ಡೇಟಿನ ನಿಗದಿತ ಕೆಲಸ. ಇಂಥ ಟೈಮರ್ ನಿದ್ದೆಯಲ್ಲಿದ್ದ ಯಂತ್ರವನ್ನು ಎಬ್ಬಿಸುತ್ತದೆ. ಅಂದರೆ ಆ ಸಂಜೆ ಶಟ್ ಡೌನ್ ಆಗಿರಲಿಲ್ಲ, ಬರೇ ಮುಚ್ಚಳ ಮುಚ್ಚಿತ್ತು. ಯಾವತ್ತು ಎಂದು ತಾರೀಖು ನೋಡಿದರೆ, ಹುಡುಗಿ ಮಧ್ಯಾಹ್ನವೇ ರಜೆ ಹಾಕಿ ಹರಿಹರಕ್ಕೆ ಹೋದ ದಿನ. ಒಳಗಿನ ಕ್ಯಾಮೆರಾದಲ್ಲಿ ಸಂಜೆ ಲ್ಯಾಪ್‌ಟಾಪ್ ಮಡಚಿ ಎದ್ದು ಹೋದವರು ಸಾವ್ಕಾರರೇ. ಅವರು ಮಿರ್ಚಿಯ ಕಾಗದ ಮಡಚುತ್ತಾ, "ಹೌದಲ್ರಿ," ಎಂದಷ್ಟೇ ಅಂದರು.

ಫರ್ಮ್‌ವೇರಿನ ಒಂದು ಸಾಲು

ಶಟ್ ಡೌನ್ ಆದ ಲ್ಯಾಪ್‌ಟಾಪ್ ಪೂರ್ತಿ ಸತ್ತಿರುವುದಿಲ್ಲ. ಹಳೆಯ ಕಾಲದ ಪಿಸಿಗಳಲ್ಲಿ ಸ್ವಿಚ್ ಒತ್ತಿದರೆ ವಿದ್ಯುತ್ತೇ ಕಡಿದುಹೋಗುತ್ತಿತ್ತು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಮಾದರಿಯಲ್ಲಿ ಆ ಸ್ವಿಚ್ ಒಂದು ಕೋರಿಕೆಯಾಯಿತು; ಬೋರ್ಡಿಗೆ ಸಣ್ಣ ಪ್ರಮಾಣದ ವಿದ್ಯುತ್ ಸದಾ ಹರಿಯುತ್ತಿರುತ್ತದೆ, ಸ್ವಿಚ್ ಒತ್ತಿದ್ದನ್ನು ಗಮನಿಸಿ ಬೋರ್ಡೇ ಆನ್ ಆಗುತ್ತದೆ. 1996ರ ಕೊನೆಯಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಪ್ರಕಟಿಸಿದ, ಕಂಪ್ಯೂಟರಿನ ವಿದ್ಯುತ್ ನಿರ್ವಹಣೆಯ ಎಸಿಪಿಐ ನಿಯಮಾವಳಿ ಈ ಅರೆ ಎಚ್ಚರಕ್ಕೆ ಎಸ್5 ಎಂದು ಹೆಸರಿಟ್ಟಿತು. ವಿದ್ಯುತ್ತೇ ಇಲ್ಲದ ಸ್ಥಿತಿಗೆ ಜಿ3 ಎಂಬ ಬೇರೆ ಹೆಸರು. ಬ್ಯಾಟರಿ ಒಳಗೇ ಕೂತಿರುವ ಈಗಿನ ಲ್ಯಾಪ್‌ಟಾಪುಗಳು ಜಿ3ಗೆ ಇಳಿಯುವುದು ಅಪರೂಪ. ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್ ಒಳಗೆ ಸದಾ ಎಚ್ಚರವಿರುತ್ತದೆ: ಪವರ್ ಬಟನ್ ಒತ್ತಿದರೇ, ಮುಚ್ಚಳದ ಅಯಸ್ಕಾಂತ ದೂರ ಸರಿಯಿತೇ, ಚಾರ್ಜರಿಗೆ ವಿದ್ಯುತ್ ಬಂತೇ ಎಂದು ನೋಡುತ್ತಿರುತ್ತದೆ.

ಈ ಮೂರರಲ್ಲಿ ಯಾವುದಕ್ಕೆ ಯಂತ್ರವನ್ನು ಎಬ್ಬಿಸಬೇಕು ಎಂಬುದು ಬಯೋಸ್, ಅಂದರೆ ವಿಂಡೋಸಿಗಿಂತ ಮೊದಲು ಓಡುವ ಬೋರ್ಡಿನದೇ ಫರ್ಮ್‌ವೇರ್, ಅದರ ಸೆಟ್ಟಿಂಗಿನಲ್ಲಿ ಬರೆದಿರುತ್ತದೆ. ಕಂಪನಿಯಿಂದ ಕಂಪನಿಗೆ ಹೆಸರು ಬೇರೆ: ವೇಕ್ ಆನ್ ಎಸಿ, ಪವರ್ ಆನ್ ವಿತ್ ಎಸಿ ಅಟ್ಯಾಚ್, ಪವರ್ ಆನ್ ಲಿಡ್ ಓಪನ್, ಫ್ಲಿಪ್ ಟು ಬೂಟ್. ಇಲ್ಲಿ ಎಸಿ ಸಾಲು, ಅಂದರೆ ಗೋಡೆಯ ಕರೆಂಟ್ ಬಂದರೆ ಏಳು ಎನ್ನುವ ಸಾಲು, ಚಾಲೂ ಇತ್ತು. ಫ್ಯಾಕ್ಟರಿ ಸ್ಥಿತಿಗೆ ಮರಳಿಸಿ ನೋಡಿದರೆ ಅದು ಆಫ್. ಹಾಗಾದರೆ ಮಧ್ಯೆ ಯಾರೋ ಆನ್ ಮಾಡಿದ್ದಾರೆ. ಲ್ಯಾಪ್‌ಟಾಪ್ ತಿರುಗಿಸಿದರೆ ಉತ್ತರ ಅಡಿಯಲ್ಲೇ ಅಂಟಿತ್ತು, ಯಾವುದೋ ದೊಡ್ಡ ಕಚೇರಿಯ ಆಸ್ತಿ ಸಂಖ್ಯೆಯ ಚೀಟಿ, ಅರ್ಧ ಕೆರೆದದ್ದು. ಬೆಂಗಳೂರಿನ ಕಂಪನಿಗಳು ಗುತ್ತಿಗೆ ಮುಗಿದ ಮೇಲೆ ಬಿಟ್ಟುಕೊಡುವ ಲ್ಯಾಪ್‌ಟಾಪುಗಳು ನಮ್ಮ ಊರುಗಳಿಗೆ ಸೆಕೆಂಡ್‌ಹ್ಯಾಂಡಾಗಿ ಬರುತ್ತವೆ. ಗಟ್ಟಿ ಸಾಮಾನು, ಅಗ್ಗದ ಬೆಲೆ, ನಾನೂ ಕೊಡಿಸುತ್ತೇನೆ. ಕೊಡುವವರು ವಿಂಡೋಸ್ ಹೊಸದಾಗಿ ಹಾಕಿಕೊಡುತ್ತಾರೆ, ಬಯೋಸ್ ಮುಟ್ಟುವುದಿಲ್ಲ.

ಆ ಕಚೇರಿಗೆ ಈ ಸೆಟ್ಟಿಂಗ್ ಸರಿಯಾಗೇ ಇತ್ತು. ಅಲ್ಲಿ ಜನರೇಟರ್ ಇದೆ, ಯುಪಿಎಸ್ ಇದೆ. ಗೋಡೆಯ ಪ್ಲಗ್ಗಿನಲ್ಲಿ ಕರೆಂಟ್ ಇಲ್ಲದ ಹೊತ್ತೇ ಇಲ್ಲ. ಅಂಥ ಕಡೆ ಚಾರ್ಜರಿಗೆ ವಿದ್ಯುತ್ ಬಂತು ಎಂದರೆ ಒಬ್ಬ ಮನುಷ್ಯ ಬಂದು ವೈರ್ ಚುಚ್ಚಿ ಕೆಲಸಕ್ಕೆ ಕೂತ ಎಂದೇ ಅರ್ಥ. ಇನ್ನೊಂದು ಬಟನ್ ಒತ್ತುವ ಕೆಲಸ ಅವನಿಗೆ ತಪ್ಪಲಿ ಎಂಬ ಕಾಳಜಿ. ಆದರೆ ವೈರು ಸದಾ ಚುಚ್ಚೇ ಇರುವ, ಕರೆಂಟು ಮಾತ್ರ ಹೋಗಿ ಬರುವ ಕಡೆ ಈ ಊಹೆ ತಲೆಕೆಳಗಾಗುತ್ತದೆ. ಚಿಪ್ಪಿಗೆ ಕಾಣುವ ಸಂಕೇತ ಎರಡೂ ಕಡೆ ಒಂದೇ. ಒಂದರ ಹಿಂದೆ ಮನುಷ್ಯನ ಇಚ್ಛೆ ಇದೆ, ಇನ್ನೊಂದರ ಹಿಂದೆ ಸಬ್‌ಸ್ಟೇಷನ್ನಿನಲ್ಲಿ ಯಾರೋ ಎತ್ತಿದ ಹ್ಯಾಂಡಲ್ ಇದೆ. ತನಗೆ ಯಾರೂ ಹೇಳದಿದ್ದರೂ ಹೇಳಿದರು ಎಂದುಕೊಳ್ಳುವ ಯಂತ್ರದ ಮೇಲೆ ನನಗಿರುವ ಸಿಟ್ಟು ಇಷ್ಟೇ. ಈ ಊಹೆಯ ತಪ್ಪಿಗೆ ಬೆಲೆ ತೆತ್ತವಳು ದೂರದ ಆ ಕಚೇರಿಗೂ ಲ್ಯಾಪ್‌ಟಾಪ್ ವಿನ್ಯಾಸಕ್ಕೂ ಸಂಬಂಧವೇ ಇಲ್ಲದ ಒಬ್ಬ ಅಕೌಂಟ್ಸ್ ಹುಡುಗಿ.

ಎಸಿ ಸಾಲು ಎಲ್ಲೂ ಬೇಡ ಅಂತಲ್ಲ. ಲಾರಿ ತೂಗುವ ವೇಬ್ರಿಡ್ಜ್ ಕಂಪ್ಯೂಟರುಗಳಿಗೆ, ಅವರು ಕೇಳಿದರೆ, ನಾನೇ ಇಂಥ ಸೆಟ್ಟಿಂಗ್ ಹಾಕಿಕೊಡುತ್ತೇನೆ. ಕರೆಂಟ್ ಬಂದ ಕೂಡಲೇ ಅವು ಏಳಬೇಕು, ಲಾರಿ ಕಾಯಬಾರದು. ಕೇಳಿ ಹಾಕಿಸಿಕೊಂಡದ್ದು ಎಂಬುದೊಂದೇ ಫರಕು.

ಈ ಪಿಡುಗು ಒಂದು ಕಂಪನಿಯದಲ್ಲ. ಆಪಲ್ 2016ರ ಕೊನೆಯ ಮ್ಯಾಕ್‌ಬುಕ್ ಪ್ರೊದಿಂದ ಮುಚ್ಚಳ ತೆಗೆದರೆ ಅಥವಾ ಚಾರ್ಜರ್ ಚುಚ್ಚಿದರೆ ತಾನೇ ಆನ್ ಆಗುವುದನ್ನು ಮೂಲ ಸೆಟ್ಟಿಂಗ್ ಮಾಡಿತು. ಆಪಲ್ ಸಿಲಿಕಾನ್, ಅಂದರೆ ಆಪಲಿನದೇ ಚಿಪ್, ಇರುವ ಮ್ಯಾಕ್‌ಬುಕ್ಕುಗಳಲ್ಲಿ ಇದನ್ನು ನಿಲ್ಲಿಸುವ ವಿಧಾನವನ್ನು ಕಂಪನಿ 2025ರ ಜನವರಿಯಲ್ಲಿ ತಿಳಿಸಿತು. ಮ್ಯಾಕ್‌ಒಎಸ್ ಸೆಕೋಯಾ ಅಥವಾ ಅದರ ನಂತರದ್ದು ಬೇಕು; ಆದೇಶ ಟೈಪ್ ಮಾಡುವ ಟರ್ಮಿನಲ್ ತೆರೆದು, ಆಫ್ ಆದರೂ ಸೆಟ್ಟಿಂಗ್ ನೆನಪಿಡುವ ಎನ್‌ವಿರ್ಯಾಮ್‌ನಲ್ಲಿ ಬೂಟ್‌ಪ್ರಿಫರೆನ್ಸ್ ಎಂಬುದಕ್ಕೆ ಬೆಲೆ ಕೊಡಬೇಕು. ಶೇಕಡಾ ಚಿಹ್ನೆಯ ಮುಂದೆ 00 ಎಂದರೆ ಎರಡೂ ಬಂದ್, 01 ಎಂದರೆ ಮುಚ್ಚಳದ್ದು ಮಾತ್ರ, 02 ಎಂದರೆ ಕರೆಂಟಿನದು ಮಾತ್ರ. ಇಷ್ಟಾದರೂ ಕೀಲಿ ಒತ್ತಿದರೆ ಅದು ಏಳುತ್ತದೆ. ಆಫ್ ಮಾಡಿ ಬಟ್ಟೆಯಿಂದ ಕೀಬೋರ್ಡ್ ಒರೆಸಲು ಹೋದವರ ಪಾಡು ಕೇಳಬೇಡಿ. ಮೆನುವಿನಲ್ಲಿ ಒಂದು ಟಿಕ್ ಗುರುತಿಗೆ ಜಾಗ ಸಿಗದ್ದು ಯಾಕೋ!

ಸರಿಪಡಿಸಿದ್ದು

ಎಸಿ ಸಾಲು ಆಫ್ ಮಾಡಿ, ಚಾರ್ಜರನ್ನು ಸ್ವಿಚ್‌ನಿಂದ ಆರಿಸಿ ಹತ್ತಿಸಿ ನೋಡಿದೆವು. ಏಳಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದದ್ದು ಯಂತ್ರ ಏಳದಿರಲಿ ಎಂದಲ್ಲ, ಮುಂದೆ ಅಪ್ ಟೈಮ್ ಯಾರ ಮೇಲೂ ಸುಳ್ಳು ಸಾಕ್ಷಿ ಹೇಳದಿರಲಿ ಎಂದು. ವೇಕ್ ಟೈಮರ್ ಬಂದ್. ಮುಂದಿನ ಕೌಂಟರಿಗೆ ಟ್ಯಾಲಿ ಡೇಟಾ ಇದರಿಂದಲೇ ಹೋಗುವುದರಿಂದ ಚಾರ್ಜರ್ ಇದ್ದಾಗ ನಿದ್ದೆಯೇ ಬೇಡ ಎಂಬ ಸೆಟ್ಟಿಂಗ್ ಹಿಂದಿನಿಂದ ಇತ್ತು. ತಾನಾಗಿ ಎದ್ದ ಯಂತ್ರ ಬೆಳಗಿನವರೆಗೂ ಓಡುತ್ತಲೇ ಇದ್ದದ್ದು ಅದರಿಂದ. ಅದನ್ನು ಒಂದು ತಾಸಿಗೆ ಇಳಿಸಿದೆ, ಹಗಲು ಕೆಲಸಕ್ಕೆ ಅಷ್ಟು ಸಾಕಾಯಿತು. ರಾತ್ರಿ ಪ್ಲಗ್ಗಿನ ಸ್ವಿಚ್ಚೇ ಆರಿಸಿ ಹೋಗಿ ಎಂದೂ ಹೇಳಿದೆ. ಸೆಟ್ಟಿಂಗ್ ಸರಿಯಿದ್ದರೂ, ಲೈನ್ ಮರಳುವ ಕ್ಷಣದ ಏರಿಳಿತಕ್ಕೆ ಚಾರ್ಜರ್ ಒಡ್ಡುವುದು ಬೇಡ.

ಬ್ಯಾಟರಿ ಬದಲಾಯಿಸಲೇಬೇಕಾಯಿತು. ಪವರ್‌ಸಿಎಫ್‌ಜಿ ಎಂಬ ವಿಂಡೋಸ್ ಆದೇಶ ಕೊಡುವ ಬ್ಯಾಟರಿ ವರದಿಯಲ್ಲಿ ಮೂಲ ಸಾಮರ್ಥ್ಯಕ್ಕೂ ಈಗಿನ ಪೂರ್ಣ ಚಾರ್ಜಿಗೂ ಅಜಗಜಾಂತರವಿತ್ತು. ಮುಚ್ಚಿದ ಮುಚ್ಚಳದ ಕೆಳಗೆ ರಾತ್ರಿಯಿಡೀ ಕಾದದ್ದು, ಮೊದಲೇ ಆಗಿದ್ದ ವಯಸ್ಸು, ಎರಡೂ ಸೇರಿವೆ. ಫ್ಯಾನ್ ಬಿಚ್ಚಿದಾಗ ಮೆಕ್ಕೆಜೋಳದ ಹಳದಿ ಧೂಳು ಗಟ್ಟಿಯಾಗಿ ಪದರ ಕಟ್ಟಿತ್ತು. ಯಾರ್ಡಿನ ಯಂತ್ರಗಳನ್ನು ಹಂಗಾಮಿಗೊಮ್ಮೆ ಬಿಚ್ಚಿ ಊದಿಸಬೇಕು.

ಯಂತ್ರದ ಕೆಲಸ ಮುಗಿದ ಮೇಲೆ ಹುಡುಗಿಯನ್ನು ಕರೆದು ಸಾವ್ಕಾರರು ಕೀಲಿ ಮೇಜಿನ ಮೇಲಿಟ್ಟು, "ತಗೋ ತಂಗಿ, ಕರೆಂಟಿನ ಆಟ ಅಂತೆ," ಎಂದರು. ಅವಳು ಕೀಲಿ ಮುಟ್ಟಲಿಲ್ಲ. "ಬರವಣಿಗೇಲಿ ಕೊಡ್ರಿ ಸಾವ್ಕಾರ್ರೆ. ಯಾರ್ಡಲ್ಲಿ ನಾಲ್ಕು ಮಂದಿಗೆ ಗೊತ್ತಾಗೈತಿ, ಅವರು ಕೇಳಿದ್ರೆ ತೋರಿಸೋಕೆ." ಹಾಳೆಯ ಎರಡು ಸಾಲು, ಲಾಗಿನ ಚಿತ್ರಗಳು, ಕ್ಯಾಮೆರಾ ತಾರೀಖುಗಳನ್ನು ಸೇರಿಸಿ ನಾನು ಒಂದು ಟಿಪ್ಪಣಿ ಬರೆದುಕೊಟ್ಟೆ. ಕೆಳಗೆ ಸಾವ್ಕಾರರ ಸಹಿ, ಅಂಗಡಿಯ ಸೀಲು. ಈ ಬರಹದ ಬಹುಪಾಲು ಆ ಟಿಪ್ಪಣಿಯೇ.

ಅವಳದು ಇನ್ನೊಂದು ಬೇಡಿಕೆ ಇತ್ತು, ನನಗೆ ಅದು ಮೊದಲನೆಯದಕ್ಕಿಂತ ಹಿಡಿಸಿತು. ಅಲ್ಲಿಯವರೆಗೆ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಖಾತೆ, ಪಾಸ್‌ವರ್ಡ್ ಬೋರ್ಡಿನ ಮೇಲಿದ್ದ ಫೋನ್ ನಂಬರೇ. ನಿಜವಾಗಿಯೂ ಯಾರಾದರೂ ಒಳಹೊಕ್ಕಿದ್ದರೆ ಯಾರೆಂದು ತೋರಿಸುವ ದಾರಿಯೇ ಇರಲಿಲ್ಲ. ಕಳ್ಳನನ್ನು ಹಿಡಿಯಲೂ ಆಗುತ್ತಿರಲಿಲ್ಲ, ತಪ್ಪಿಲ್ಲದವರನ್ನು ಬಿಡಿಸಲೂ ಆಗುತ್ತಿರಲಿಲ್ಲ. ಅವಳಿಗೊಂದು, ಸಾವ್ಕಾರರಿಗೊಂದು ಬೇರೆ ಬೇರೆ ಖಾತೆ ಮಾಡಿಕೊಟ್ಟೆ.

ಹಂಗಾಮು ಇಳಿಯುವ ಹೊತ್ತಿಗೆ ಮತ್ತೆ ಹೋಗಿ ಲಾಗ್ ನೋಡಿದೆ. ಕಂಬದ ದೀಪ ಆರಿ ಹತ್ತಿದ ರಾತ್ರಿಗಳು ಇದ್ದವು, ಲ್ಯಾಪ್‌ಟಾಪ್ ಒಂದಕ್ಕೂ ಎದ್ದಿರಲಿಲ್ಲ. ಅನುಮಾನ ಬರುವಂಥದ್ದು ಇದ್ದದ್ದು ಒಂದೇ: ಬೆಳಗಿನ ಆರೂಕಾಲಿಗೆ 4625, ಅಂದರೆ ತಪ್ಪು ಪಾಸ್‌ವರ್ಡ್, ಒಂದರ ಹಿಂದೊಂದು ಏಳು ಸಲ. ಖಾತೆಯ ಹೆಸರು ಸಾವ್ಕಾರರದು. "ಹೊಸಾ ಪಾಸ್‌ವರ್ಡ್ ನೆನಪಾಗ್ಲಿಲ್ರಿ," ಎಂದರು, "ಕೊನೆಗೆ ಅವಳು ಬರೋತನಕ ಕಾದೆ."